ಆಸ್ಪತ್ರೆ ಬಿಲ್ ಕಟ್ಟಬೇಕಾದವರು ಯಾರು?

2017ರ ನವೆಂಬರ್‌ನಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಗಳ ಒಪಿಡಿ (ಹೊರರೋಗಿ ವಿಭಾಗ) ಬಂದ್ ಆಗಿದ್ದು ನೆನಪಿದೆಯಾ? ಆಗ ರಮೇಶ್ ಕುಮಾರ್ ಆರೋಗ್ಯ ಸಚಿವರು. ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರವೇ ನಿಗದಿ ಮಾಡುವ ಮಸೂದೆ ತಂದಿದ್ದರು. ಅದರಲ್ಲಿ ನಿಯಮ ಮೀರಿದವರಿಗೆ ಜೈಲು ಶಿಕ್ಷೆಯೂ ಇತ್ತು. ವೈದ್ಯರು ಬೀದಿಗಿಳಿದರು. ಕೊನೆಗೆ ಜೈಲು ಶಿಕ್ಷೆ ಬಿಟ್ಟುಹೋಯಿತು. ದರ ನಿಗದಿಯೂ ಸರ್ಕಾರಿ ಯೋಜನೆಯ ರೋಗಿಗಳಿಗೆ ಮಾತ್ರ ಅಂತಾಯಿತು. ಜೈಲು ಕೈಬಿಟ್ಟಿದ್ದು ಸರಿ. ಆದರೆ ಸ್ವಂತ ದುಡ್ಡಿನಲ್ಲಿ ಬಿಲ್ ಕಟ್ಟುವವರನ್ನು ಹೊರಗಿಟ್ಟಿದ್ದು ದೊಡ್ಡ ತಪ್ಪು.

ದುಡ್ಡಿಲ್ಲ ಅಂತ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು ವರದಿ ಕೊಟ್ಟ ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ಬೆಂಗಳೂರಿಗೆ ಇದು ಹೊಸ ಮಾತೇನಲ್ಲ. ಮೈಸೂರು ಅರಸರ ಕಾಲದಲ್ಲೇ ಇಲ್ಲಿ ವಿಕ್ಟೋರಿಯಾ, ವಾಣಿ ವಿಲಾಸ ಆಸ್ಪತ್ರೆಗಳು ಎದ್ದಿದ್ದವು. ಆಮೇಲೆ ಕಿದ್ವಾಯಿ, ಜಯದೇವ, ನಿಮ್ಹಾನ್ಸ್ ಬಂದವು. ಊರು ಬೆಳೆದಷ್ಟು ಇವು ಬೆಳೆಯಲಿಲ್ಲ. 1990ರ ನಂತರ ಆ ಜಾಗವನ್ನು ಖಾಸಗಿಯವರು ತುಂಬಿದರು.

ಖರ್ಚು ಏರಿದ್ದೂ ಇಲ್ಲೇ. ಬೆಂಗಳೂರಿನ ಜಾಗಕ್ಕೆ ಕೋಟಿಗಟ್ಟಲೆ ಬೆಲೆ. ಎಂಆರ್‌ಐ ಯಂತ್ರ ಹೆಚ್ಚಾಗಿ ಹೊರದೇಶದ್ದು. ಅದಕ್ಕೆ ಮಾಡಿದ ಸಾಲದ ಬಡ್ಡಿಯೂ ರೋಗಿಯ ಬಿಲ್ಲಿಗೇ ಬರುತ್ತದೆ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಇಲ್ಲಿ ಒಂದೊಂದು ಟೆಸ್ಟಿಗೂ, ಒಂದೊಂದು ದಿನದ ಬೆಡ್ಡಿಗೂ ಬೇರೆ ಬೇರೆ ದುಡ್ಡು. ಚಿಕಿತ್ಸೆ ಜಾಸ್ತಿಯಾದಷ್ಟೂ ಆದಾಯ ಜಾಸ್ತಿ. ಎದೆನೋವು ಅಂತ ಬಂದವರು ಚೌಕಾಸಿ ಮಾಡ್ತಾರಾ? ಯಾವ ಟೆಸ್ಟ್ ಬೇಕು, ಯಾವುದು ಬೇಡ ಅಂತ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಬೆಲೆಗೆ ಮಿತಿ ಹಾಕಿದರೆ ಏನಾಗುತ್ತದೆ ಅಂತಲೂ ನೋಡಿದ್ದೇವೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ, ಲಕ್ಷ ದಾಟುತ್ತಿದ್ದ, ಹೃದಯದ ರಕ್ತನಾಳಕ್ಕೆ ಹಾಕುವ ಔಷಧ ಲೇಪಿತ ಸ್ಟೆಂಟ್‌ನ ಬೆಲೆಯನ್ನು 29,600 ರೂಪಾಯಿಗೆ ಇಳಿಸಿತು. 2020ರ ಕೋವಿಡ್ ಹೊತ್ತಿನಲ್ಲಿ ನಮ್ಮ ರಾಜ್ಯವೇ ಖಾಸಗಿ ವಾರ್ಡುಗಳಿಗೆ ದರ ಕಟ್ಟಿತು. ಸ್ವಂತ ದುಡ್ಡು ಕೊಡುವವರಿಗೂ ಜನರಲ್ ವಾರ್ಡ್ ದಿನಕ್ಕೆ 10,000, ವೆಂಟಿಲೇಟರ್ ಇರುವ ಐಸಿಯು 25,000 ರೂಪಾಯಿ. ಆಸ್ಪತ್ರೆಗಳು ಗೊಣಗಿದವು, ಆದರೂ ದರ ಜಾರಿಗೆ ಬಂತು.

ಎಲ್ಲರೂ ಸ್ವಲ್ಪ ಸ್ವಲ್ಪ ಕಟ್ಟಿ, ಕಾಯಿಲೆ ಬಿದ್ದವರನ್ನು ಉಳಿಸುವ ದಾರಿಯೂ ಇಲ್ಲೇ ಹುಟ್ಟಿತ್ತು. 2003ರಲ್ಲಿ ಶುರುವಾದ ಯಶಸ್ವಿನಿ ಆರೋಗ್ಯ ಯೋಜನೆಯಲ್ಲಿ ಸಹಕಾರ ಸಂಘದ ರೈತರು ತಿಂಗಳಿಗೆ 5 ರೂಪಾಯಿ ಕಟ್ಟುತ್ತಿದ್ದರು. ಆಪರೇಷನ್‌ಗೆ ದರ ಮೊದಲೇ ಗೊತ್ತುಮಾಡಿದ್ದರು. 2018ರಲ್ಲಿ ಅದನ್ನು ನಿಲ್ಲಿಸಿ, 2022ರಲ್ಲಿ ಮತ್ತೆ ತಂದರು.

ಈಗ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸರ್ಕಾರದ ಆಯುಷ್ಮಾನ್ ಯೋಜನೆ ಇದೆ. ತಿಂಗಳ ಸಂಬಳ 21,000 ದಾಟದ ಕಾರ್ಮಿಕರಿಗೆ ಇಎಸ್‌ಐ (ಕಾರ್ಮಿಕರ ವಿಮೆ) ಇದೆ. ಐಟಿಯವರಿಗೆ ಕಂಪನಿಯ ಪಾಲಿಸಿ. ನಡುವೆ ಸಿಕ್ಕಿಕೊಂಡವರು ಎಪಿಎಲ್ ಕಾರ್ಡಿನ ಆಟೋ ಚಾಲಕರು, ಸಣ್ಣ ಅಂಗಡಿಯವರು. ಅವರಿಗೆ ಸರ್ಕಾರ ಕೊಡುವುದು, ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ. ಉಳಿದದ್ದಕ್ಕೆ ಒಡವೆ ಅಡವಿಡಬೇಕು, ಇಲ್ಲವೇ ಸಾಲ.

ತೆರಿಗೆ ಇವರೂ ಕಟ್ಟುತ್ತಾರೆ, ಅಲ್ವಾ? ಹಾಗಾದರೆ ಆ ಶೇ. 30 ಪೂರ್ತಿ 100 ಆಗಬೇಕು. ಅಲ್ಲಿಯವರೆಗೆ, ಸರ್ಕಾರಿ ಯೋಜನೆಯ ರೋಗಿಗಳಿಗಿರುವಂಥ ದರದ ಮಿತಿ ಇವರ ಬಿಲ್ಲಿಗೂ ಬೇಕು. 2017ರ ಮಸೂದೆಯಿಂದ ಕೈಬಿಟ್ಟ ಆ ದರ ನಿಗದಿಯನ್ನು ವಿಧಾನಸಭೆ ಮತ್ತೆ ಕೈಗೆತ್ತಿಕೊಳ್ಳಲಿ.