ಎರಡು ಅಮ್ಮಂದಿರ ದಿನ, ಒಂದೇ ಉದ್ದನೆಯ ಟೇಬಲ್: ಅಮೆರಿಕದ ಹಿಸ್ಪಾನಿಕ್ ಜನರ ಹೋಟೆಲ್ ಊಟದ ಹಿನ್ನೆಲೆ

ಮೇ ತಿಂಗಳು ಬಂತೆಂದರೆ ಲಾಸ್ ಏಂಜಲೀಸಿನ ಮೆಕ್ಸಿಕನ್ ಹೋಟೆಲುಗಳಿಗೆ ಎರಡು ಸಲ ಹಬ್ಬ. ಅಮೆರಿಕದಲ್ಲಿ ಅಮ್ಮಂದಿರ ದಿನ ಮೇ ತಿಂಗಳ ಎರಡನೇ ಭಾನುವಾರ. ಮೆಕ್ಸಿಕೊದಲ್ಲಿ 1922ರಿಂದಲೂ ಅದು ಮೇ 10. ಸೋಮವಾರ ಬೀಳಲಿ, ಗುರುವಾರ ಬೀಳಲಿ, ತಾರೀಖು ಕದಲುವುದಿಲ್ಲ. ಗಡಿಯಾಚೆಯಿಂದ ಬಂದು ನೆಲೆಸಿದ ಎಷ್ಟೋ ಕುಟುಂಬಗಳು ಎರಡನ್ನೂ ಬಿಟ್ಟಿಲ್ಲ. ಮಕ್ಕಳು ಶಾಲೆಯಲ್ಲಿ ಕಲಿತು ಬಂದ ಅಮ್ಮಂದಿರ ದಿನಕ್ಕೆ ಒಂದು ಊಟ, ಅಜ್ಜಿಯ ಊರಿನ ಅಮ್ಮಂದಿರ ದಿನಕ್ಕೆ ಇನ್ನೊಂದು.

ಆ ದಿನ ಹೋಟೆಲಿನಲ್ಲಿ ಮೂರು ನಾಲ್ಕು ಟೇಬಲ್ ಜೋಡಿಸಿ ಒಂದು ಮಾಡಿರುತ್ತಾರೆ. ನಡುವೆ ಅಜ್ಜಿ, ಸುತ್ತ ಮಕ್ಕಳು ಮೊಮ್ಮಕ್ಕಳು, ಒಂದು ತುದಿಯಲ್ಲಿ ಎತ್ತರದ ಕುರ್ಚಿಯಲ್ಲಿ ಬೀನ್ಸ್ ಮೆತ್ತಿಕೊಂಡ ಕೂಸು. ತಟ್ಟೆ ಖಾಲಿಯಾಗಿ ಅರ್ಧ ಗಂಟೆಯಾದರೂ ಯಾರೂ ಏಳುವುದಿಲ್ಲ. ಉಂಡಾದ ಮೇಲೆ ಕೂತಲ್ಲೇ ಮಾತಾಡುತ್ತ ಉಳಿಯುವ ಈ ಹೊತ್ತಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ಬೇರೆಯದೇ ಹೆಸರಿದೆ: ಸೊಬ್ರೆಮೆಸಾ. ಗಿರಾಕಿ ಕೇಳುವ ಮೊದಲೇ ಬಿಲ್ಲು ತಂದಿಟ್ಟರೆ ಅದು ಎದ್ದು ಹೋಗಿ ಎಂದು ಹೇಳಿದ ಹಾಗೆ.

2025ರಲ್ಲಿ ಮೇ 10 ಶನಿವಾರ ಬಂತು, ಮರುದಿನವೇ ಅಮೆರಿಕದ ಅಮ್ಮಂದಿರ ದಿನ. ಬೆನ್ನು ಬೆನ್ನಿಗೆ ಎರಡು ಭರ್ಜರಿ ದಿನ ಸಿಗಬೇಕಾಗಿದ್ದ ವರ್ಷ. ಆದರೆ ಅದಕ್ಕೂ ಒಂದು ತಿಂಗಳು ಮೊದಲೇ ಬೇರೆ ಸುದ್ದಿ ಬಂದಿತ್ತು. ಅಮೆರಿಕದಲ್ಲಿ ಮೊಡೆಲೊ, ಕೊರೊನಾ ಬಿಯರ್ ಮಾರುವ ಕಾನ್‌ಸ್ಟೆಲೇಷನ್ ಬ್ರ್ಯಾಂಡ್ಸ್ ಕಂಪನಿಯ ಬಿಯರ್ ಮಾರಾಟದಲ್ಲಿ ಸುಮಾರು ಅರ್ಧ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಆಡುವ ದೇಶಗಳ ಮೂಲದ, ಗಿರಾಕಿಗಳದು. ಈ ಜನ ಹೊರಗೆ ಊಟಕ್ಕೆ ಹೋಗುವುದು, ಸೇರಿ ಸಂಭ್ರಮಿಸುವುದು ಕಡಿಮೆಯಾಗಿದೆ ಎಂದು ಕಂಪನಿಯ ಮುಖ್ಯಸ್ಥರೇ ಹೇಳಿದರು. ಬೆಲೆ ಏರಿಕೆಯ ಜೊತೆಗೆ ಅವರು ಹೆಸರಿಸಿದ ಇನ್ನೊಂದು ಕಾರಣ ವಲಸೆ ಕಾನೂನಿನ ಆತಂಕ. ವ್ಯಾಪಾರದ ಪುಟಗಳಲ್ಲಿ ಇದು ‘ಬೇಡಿಕೆ ಕುಸಿತ’ ಎಂದು ಒಂದು ಸಾಲಾಗಿ ಮುಗಿಯಿತು. ಆ ಸಾಲಿನ ಹಿಂದೆ ನೂರೈವತ್ತು ವರ್ಷದ ಕಥೆಯಿದೆ. ಈ ಸಮುದಾಯ ಎಲ್ಲಿ, ಯಾವಾಗ, ಯಾರ ಜೊತೆ ಕೂತು ಉಂಡಿತು ಎನ್ನುವುದನ್ನು ನಾಲಿಗೆಯ ರುಚಿಯಷ್ಟೇ ಬಲವಾಗಿ ನಿರ್ಧರಿಸಿದ್ದು ಯಾವ ಬಾಗಿಲು ತೆರೆದಿತ್ತು, ಯಾವುದು ಮುಚ್ಚಿತ್ತು ಎನ್ನುವ ಸಂಗತಿ.

1848ರ ಒಪ್ಪಂದದಲ್ಲಿ ಮೆಕ್ಸಿಕೊ ತನ್ನ ಉತ್ತರದ ನೆಲವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿದ್ದ ಜನ ಇದ್ದಲ್ಲೇ ಇದ್ದರು, ಗಡಿ ಅವರನ್ನು ದಾಟಿಕೊಂಡು ಹೋಯಿತು. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ಊರಿನಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಸಂಜೆಯಾದರೆ ಮೆಕ್ಸಿಕನ್ ಹೆಂಗಸರು ಚೌಕಗಳಿಗೆ ಬಂದು ಉದ್ದನೆಯ ಮೇಜು ಹಾಕುತ್ತಿದ್ದರು. ಲಾಂದ್ರ ಹಚ್ಚಿ, ಮೆಸ್ಕೀಟ್ ಕಟ್ಟಿಗೆಯ ಬೆಂಕಿಯ ಮೇಲೆ ಪಾತ್ರೆಯಿಟ್ಟು, ಒಣಮೆಣಸಿನಕಾಯಿ ಹಾಕಿ ಬೇಯಿಸಿದ ಮಾಂಸವನ್ನು, ಅಂದರೆ ಚಿಲಿಯನ್ನು, ಬಡಿಸುತ್ತಿದ್ದರು. ಅವರಿಗೆ ‘ಚಿಲಿ ರಾಣಿಯರು’ ಎಂದು ಹೆಸರು ಬಿತ್ತು. ಕೂಲಿಯವರು, ಸೈನಿಕರು, ರೈಲಿನಲ್ಲಿ ಬಂದಿಳಿದ ಪ್ರವಾಸಿಗಳು ಒಂದೇ ಬೆಂಚಿನಲ್ಲಿ ಕೂತು ತಿಂದರು. ಅಡುಗೆ ಎಷ್ಟು ಪ್ರಸಿದ್ಧವಾಯಿತೆಂದರೆ 1893ರ ಶಿಕಾಗೊ ವಿಶ್ವಮೇಳದಲ್ಲೂ ಸ್ಯಾನ್ ಆಂಟೋನಿಯೊದ ಚಿಲಿ ಅಂಗಡಿ ಇತ್ತು. ಅದೇ ದಶಕದಲ್ಲಿ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ ಆ ಮಸಾಲೆಯನ್ನು ಪುಡಿ ಮಾಡಿ ಸೀಸೆಯಲ್ಲಿ ಮಾರತೊಡಗಿದ. ಮುಂದೆ ನಗರದ ಆರೋಗ್ಯ ಇಲಾಖೆ ಶುಚಿತ್ವದ ಹೆಸರಿನಲ್ಲಿ ಒಂದೊಂದೇ ಕಟ್ಟಳೆ ತಂದಿತು. 1930ರ ದಶಕ ಮುಗಿಯುವ ಹೊತ್ತಿಗೆ ಚೌಕದ ಮೇಜುಗಳು ಬಹುಮಟ್ಟಿಗೆ ಕಣ್ಮರೆಯಾದವು. ಪುಡಿ ಉಳಿಯಿತು, ರುಬ್ಬಿದವರು ಬೀದಿ ಬಿಟ್ಟು ಹೋಗಬೇಕಾಯಿತು. ಈ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಕಾಣುವ ಸಂಗತಿ: ಅಡುಗೆಯನ್ನು ಕರೆದು ಒಳಗೆ ಕೂರಿಸುತ್ತಾರೆ, ಅಡುಗೆಯವಳನ್ನು ಹೊರಗೆ ನಿಲ್ಲಿಸುತ್ತಾರೆ.

ನಿಲ್ಲಿಸಿದ್ದು ಬೋರ್ಡು ಹಾಕಿಯೇ. ಟೆಕ್ಸಾಸಿನ ಅನೇಕ ಊರುಗಳ ಹೋಟೆಲುಗಳಲ್ಲಿ ಮೆಕ್ಸಿಕನ್ನರಿಗೆ ಬಡಿಸುವುದಿಲ್ಲ ಎಂಬ ಫಲಕ ತೂಗುತ್ತಿತ್ತು. ‘ಬ್ರಾಹ್ಮಣರಿಗೆ ಮಾತ್ರ’ ಎಂದು ಬರೆದಿದ್ದ ಹೋಟೆಲುಗಳನ್ನು ನಮ್ಮ ಹಿರಿಯರು ಕಂಡವರೇ, ಆದ್ದರಿಂದ ಇಂಥ ಫಲಕದ ಅರ್ಥವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಕಾರಿಯೊ ಗಾರ್ಸಿಯಾ ಎಂಬ ಸೈನಿಕನ ಕಥೆಯನ್ನು ಮಾತ್ರ ಹೇಳಲೇಬೇಕು. ಮೆಕ್ಸಿಕೊದಲ್ಲಿ ಹುಟ್ಟಿ ಟೆಕ್ಸಾಸಿನ ಹತ್ತಿ ಹೊಲದಲ್ಲಿ ದುಡಿದವನು. ಜರ್ಮನಿಯ ಯುದ್ಧಭೂಮಿಯಲ್ಲಿ ಗಾಯಗೊಂಡೂ ಒಬ್ಬನೇ ಮುನ್ನುಗ್ಗಿ ಎರಡು ಮೆಷಿನ್‌ಗನ್ ನೆಲೆಗಳನ್ನು ನಾಶ ಮಾಡಿದ. 1945ರ ಆಗಸ್ಟ್ 23ರಂದು ಅಧ್ಯಕ್ಷ ಟ್ರೂಮನ್ ಕೈಯಿಂದ ದೇಶದ ಅತ್ಯುನ್ನತ ಶೌರ್ಯ ಪದಕ ಪಡೆದ. ಮುಂದಿನ ತಿಂಗಳೇ ರಿಚ್ಮಂಡ್ ಎಂಬ ಊರಿನ ಕೆಫೆಯೊಂದು ಮೆಕ್ಸಿಕನ್ ಎಂಬ ಕಾರಣಕ್ಕೆ ಅವನಿಗೆ ಬಡಿಸಲಿಲ್ಲ. ಜಗಳವಾಯಿತು. ಹಲ್ಲೆಯ ಆರೋಪ ಬಿದ್ದದ್ದು ಗಾರ್ಸಿಯಾನ ಮೇಲೆ. ದೇಶದಾದ್ಯಂತ ಸಿಟ್ಟು ಎದ್ದ ಮೇಲೆ ಆ ಮೊಕದ್ದಮೆ ಕೈಬಿಟ್ಟುಹೋಯಿತು.

ಒಂಬತ್ತು ವರ್ಷದ ನಂತರ ಅಂಥದೇ ಒಂದು ಫಲಕ ಸುಪ್ರೀಂ ಕೋರ್ಟಿನ ತೀರ್ಪಿನೊಳಗೇ ಬಂತು. 1954ರ ಹೆರ್ನಾಂಡೆಜ್ ವಿರುದ್ಧ ಟೆಕ್ಸಾಸ್ ಪ್ರಕರಣದಲ್ಲಿದ್ದ ಪ್ರಶ್ನೆ ಮೆಕ್ಸಿಕನ್ ಮೂಲದವರನ್ನು ಜ್ಯೂರಿಯಿಂದ ಹೊರಗಿಟ್ಟದ್ದರ ಬಗ್ಗೆ. ಆ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದಲ್ಲಿ, ಅವರನ್ನು ಬೇರೆಯಾಗಿ ಕಾಣುತ್ತಿದ್ದರು ಎನ್ನುವುದಕ್ಕೆ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಎತ್ತಿ ತೋರಿಸಿದ ಪುರಾವೆಗಳಲ್ಲಿ ಒಂದು, ಊರಿನ ಹೋಟೆಲೊಂದರ ಮುಂದಿದ್ದ ‘ಮೆಕ್ಸಿಕನ್ನರಿಗೆ ಬಡಿಸುವುದಿಲ್ಲ’ ಎಂಬ ಬರಹ. ಹೋಟೆಲಿನ ಬಾಗಿಲು ಕಾನೂನಿನ ಕಣ್ಣಿಗೂ ಬಿತ್ತು. ಆದರೂ ದೇಶದೆಲ್ಲೆಡೆ ಆ ಬಾಗಿಲು ತೆರೆಯಲೇಬೇಕು ಎಂಬ ನಿಯಮ ಬರಲು 1964ರ ನಾಗರಿಕ ಹಕ್ಕುಗಳ ಕಾಯ್ದೆಯ ತನಕ ಕಾಯಬೇಕಾಯಿತು.

ಹೊರಗಿಟ್ಟ ಜನ ತಮ್ಮದೇ ಮನೆ ಕಟ್ಟಿಕೊಂಡರು. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾಡಿನೊದಲ್ಲಿ 1937ರಲ್ಲಿ ಲೂಸಿಯಾ ರೊಡ್ರಿಗೆಜ್ ತೆರೆದ ಮಿಟ್ಲಾ ಕೆಫೆ ಇಂದಿಗೂ ನಡೆಯುತ್ತಿದೆ. ಕಿತ್ತಳೆ ತೋಟದ ಕೂಲಿಗಳಿಗೆ, ರೈಲ್ವೆ ಕಾರ್ಮಿಕರಿಗೆ ಅದು ಊಟದ ಮನೆಯೂ ಹೌದು, ಊರಿನ ಜಗಲಿಯೂ ಹೌದು. ನಗರದ ಈಜುಕೊಳಕ್ಕೆ ಮೆಕ್ಸಿಕನ್ ಮೂಲದವರನ್ನು ಬಿಡದಿದ್ದಾಗ ಸಮುದಾಯದ ಮುಂದಾಳುಗಳು ಸೇರಿ ಮಾತಾಡಿದ್ದು ಇಲ್ಲಿಯೇ. ಅವರು ಹೂಡಿದ ದಾವೆ 1944ರಲ್ಲಿ ಗೆದ್ದಿತು, ಕೊಳ ಎಲ್ಲರಿಗೂ ತೆರೆಯಿತು. ಹೋಟೆಲಿನ ಮೇಜಿನ ಸುತ್ತ ಕೂತ ಜನ ಒಂದು ಊರಿನ ಕಾನೂನನ್ನೇ ಬದಲಿಸಿದರು ಎನ್ನುವುದು ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಅತಿ ದೊಡ್ಡ ಸಂಗತಿ.

ಹೊರಗಿನವರಿಗೆ ಮಿಟ್ಲಾ ಗೊತ್ತಿರುವುದು ಬೇರೆ ಕಾರಣಕ್ಕೆ. ರಸ್ತೆಯ ಆಚೆ ಬದಿಯಲ್ಲಿ ಗ್ಲೆನ್ ಬೆಲ್ ಎಂಬಾತ ಹಾಟ್‌ಡಾಗ್ ಅಂಗಡಿ ಇಟ್ಟಿದ್ದ. ಎದುರಿನ ಕೆಫೆಯ ಮುಂದೆ ಟಾಕೊಗಾಗಿ, ಅಂದರೆ ಮಾಂಸ ತುಂಬಿ ಮಡಚಿದ ರೊಟ್ಟಿಗಾಗಿ, ನಿಂತ ಸಾಲನ್ನು ನೋಡಿ, ತಾನೂ ಅಲ್ಲಿ ತಿಂದು, ಟಾರ್ಟಿಯಾ ಎಂಬ ತೆಳು ರೊಟ್ಟಿಯನ್ನು ಮಡಚಿ ಕರಿಯುವ ಬಗೆಯನ್ನು ಕಲಿತ. 1962ರಲ್ಲಿ ಡೌನಿ ಊರಿನಲ್ಲಿ ಅವನ ಮೊದಲ ಟಾಕೊ ಬೆಲ್ ಹೋಟೆಲು ಬಾಗಿಲು ತೆರೆಯಿತು. ಇವತ್ತು ಅಮೆರಿಕದಲ್ಲಿ ಅದರ ಮಳಿಗೆಗಳು 7,000ಕ್ಕೂ ಹೆಚ್ಚು. ಮಿಟ್ಲಾ ಈಗಲೂ ಒಂದೇ.

ಭಾನುವಾರ ಬೆಳಗಿನ ಹೊರಗಿನ ಊಟ ಬಂದದ್ದು ಇನ್ನೊಂದು ದಾರಿಯಿಂದ. ದಕ್ಷಿಣ ಟೆಕ್ಸಾಸಿನ ದನದ ದೊಡ್ಡಿಗಳಲ್ಲಿ ಒಳ್ಳೆಯ ಮಾಂಸ ಧಣಿಗೆ ಹೋಗುತ್ತಿತ್ತು, ತಲೆ ಕೆಲಸದವರ ಪಾಲಿಗೆ ಬರುತ್ತಿತ್ತು. ಅವರು ಅದನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಕೆಂಡ ತುಂಬಿದ ಕುಳಿಯಲ್ಲಿ ಶನಿವಾರ ರಾತ್ರಿ ಹೂತಿಡುತ್ತಿದ್ದರು. ಬೆಳಗ್ಗೆ ತೆಗೆದರೆ ಕೆನ್ನೆಯ ಮಾಂಸ ಬೆರಳಿಗೆ ಬಿಡಿಸಿಕೊಂಡು ಬರುವಷ್ಟು ಮೆತ್ತಗೆ. ಇದೇ ಬಾರ್ಬಕೋವಾ. ಈಗ ಹೆಚ್ಚಿನ ಕಡೆ ಕುಳಿ ಹೋಗಿ ಆವಿಯ ಪಾತ್ರೆ ಬಂದಿದೆ, ವಾರ ಮಾತ್ರ ಬದಲಾಗಿಲ್ಲ. ಸ್ಯಾನ್ ಆಂಟೋನಿಯೊದಲ್ಲಿ ಭಾನುವಾರ ಬೆಳಗ್ಗೆ ಬಾರ್ಬಕೋವಾವನ್ನು ಪೌಂಡ್ ಲೆಕ್ಕದಲ್ಲಿ ತೂಗಿಸಿಕೊಂಡು, ಬಿಸಿ ಟಾರ್ಟಿಯಾದ ಕಟ್ಟು ಮತ್ತು ಬಿಗ್ ರೆಡ್ ಎಂಬ ಕೆಂಪು ಸೋಡಾ ಹಿಡಿದು ಮನೆಗೆ ಹೋಗುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಎಂಬ ಅಳತೆ ಇಲ್ಲಿ ನಡೆಯುವುದಿಲ್ಲ, ಮನೆಮಂದಿಯೆಲ್ಲ ಸೇರಿ ಎಷ್ಟು ಜನ ಎಂಬುದೇ ಲೆಕ್ಕ.

ಹಿಸ್ಪಾನಿಕ್ ಎಂದರೆ ಮೆಕ್ಸಿಕನ್ ಮಾತ್ರ ಎಂದುಕೊಳ್ಳಬಾರದು. ಮಯಾಮಿಯ ಕ್ಯೂಬನ್ನರ ಅಭ್ಯಾಸ ಬೇರೆ. ಕ್ರಾಂತಿಯ ನಂತರ ದೇಶ ಬಿಟ್ಟು ಬಂದವರಿಗೆ ಹೋಟೆಲಿನ ಪಕ್ಕದ ಸಣ್ಣ ಕಿಟಕಿಯೇ, ಅಂದರೆ ವೆಂಟನೀಟಾ, ಊರ ಸುದ್ದಿಯ ಕಟ್ಟೆಯಾಯಿತು. 1971ರಲ್ಲಿ ಶುರುವಾದ ವರ್ಸೇಲ್ಸ್ ಹೋಟೆಲಿನ ಕಿಟಕಿ ಇವುಗಳಲ್ಲಿ ಪ್ರಸಿದ್ಧ. ಅಲ್ಲಿ ಕೊಲಾಡಾ ಕೇಳಿದರೆ ಒಂದು ಲೋಟ ತುಂಬ ಗಟ್ಟಿ ಸಿಹಿ ಕಾಫಿ, ಜೊತೆಗೆ ಬೆರಳ ತುದಿಯಷ್ಟಿನ ನಾಲ್ಕೈದು ಪ್ಲಾಸ್ಟಿಕ್ ಬಟ್ಟಲು. ತಾನೊಬ್ಬನೇ ಕುಡಿಯಲೆಂದು ಯಾರೂ ಅದನ್ನು ಕೊಳ್ಳುವುದಿಲ್ಲ. ಬೈ ಟು ಕಾಫಿ ಹಂಚಿಕೊಂಡು ಬೆಳೆದ ನಮಗೆ ಆ ಕಿಟಕಿಯ ಮುಂದೆ ಪರಕೀಯ ಅನ್ನಿಸುವುದು ಕಷ್ಟ. ಇನ್ನು 1980ರ ದಶಕದ ಅಂತರ್ಯುದ್ಧದಿಂದ ಪಾರಾಗಿ ಲಾಸ್ ಏಂಜಲೀಸಿಗೆ ಬಂದ ಎಲ್ ಸಾಲ್ವಡೋರ್ ದೇಶದವರು ಪುಪುಸಾ ಅಂಗಡಿಗಳನ್ನು ತಂದರು: ಮೆಕ್ಕೆಜೋಳದ ಹಿಟ್ಟಿನೊಳಗೆ ಚೀಸ್, ಬೀನ್ಸ್ ತುಂಬಿ ಅಂಗೈಯಲ್ಲಿ ತಟ್ಟಿ ಕಾವಲಿಯ ಮೇಲೆ ಬೇಯಿಸುವ ದಪ್ಪ ರೊಟ್ಟಿ.

ಇವರನ್ನೆಲ್ಲ ಒಂದು ಹೆಸರಿನಡಿ ತಂದದ್ದು ಜನಗಣತಿ. 1980ರಲ್ಲಿ ಮೊದಲ ಬಾರಿಗೆ ಪ್ರತಿ ಮನೆಗೂ ಹಿಸ್ಪಾನಿಕ್ ಮೂಲದ ಪ್ರಶ್ನೆ ಹೋಯಿತು. ಬಂದ ಲೆಕ್ಕ 1 ಕೋಟಿ 46 ಲಕ್ಷ. 2020ರಲ್ಲಿ ಅದು 6 ಕೋಟಿ 21 ಲಕ್ಷ, ಹತ್ತಿರ ಹತ್ತಿರ ಐವರಲ್ಲಿ ಒಬ್ಬರು. ಸರಾಸರಿ ಅಮೆರಿಕನ್ ಮನೆಗಿಂತ ದೊಡ್ಡ ಕುಟುಂಬ, ಕಡಿಮೆ ವಯಸ್ಸು, ಜೊತೆಯಲ್ಲಿ ಮಕ್ಕಳು. ಇಂಥ ಗಿರಾಕಿಗಳನ್ನು ಯಾವ ಹೋಟೆಲ್ ಸರಣಿ ತಾನೇ ಬಿಟ್ಟೀತು? ಬೋರ್ಡು ಹಾಕಿ ತಡೆದಿದ್ದ ಮಾರುಕಟ್ಟೆಯೇ ಈಗ ಸ್ಪ್ಯಾನಿಷ್ ಮೆನು ಹಿಡಿದು ಬಾಗಿಲಲ್ಲಿ ನಿಂತಿತು. ಊರಿನ ಹೋಟೆಲುಗಳೂ ಜನರ ಹಿಂದೆಯೇ ಗಡಿ ದಾಟಿದವು. ಮೆಕ್ಸಿಕೊದ ಗ್ವಾಸಾವೆಯಲ್ಲಿ 1975ರಲ್ಲಿ ಶುರುವಾದ ಎಲ್ ಪೊಯೊ ಲೋಕೊ 1980ರಲ್ಲಿ ಲಾಸ್ ಏಂಜಲೀಸಿನ ಆಲ್ವರಾಡೊ ಬೀದಿಗೆ ಬಂತು. ಗ್ವಾಟೆಮಾಲಾದ ಪೊಯೊ ಕಂಪೇರೊ ಬಂದದ್ದು 2002ರಲ್ಲಿ. ಅದು ಬರುವ ಮುಂಚೆ, ಊರಿಗೆ ಹೋದವರು ಅದರ ಕರಿದ ಕೋಳಿಯ ಡಬ್ಬಗಳನ್ನು ವಿಮಾನದಲ್ಲಿ ಮಡಿಲಲ್ಲಿಟ್ಟುಕೊಂಡು ತರುತ್ತಿದ್ದರು. ಇಡೀ ವಿಮಾನಕ್ಕೆ ವಾಸನೆ ಹಬ್ಬುತ್ತಿತ್ತು.

ಬೀದಿಯ ಊಟದ ಹಕ್ಕು ಮಾತ್ರ ಸುಲಭವಾಗಿ ಸಿಗಲಿಲ್ಲ. ರಾಉಲ್ ಮಾರ್ಟಿನೆಜ್ 1974ರಲ್ಲಿ ಹಳೆಯ ಐಸ್‌ಕ್ರೀಂ ವ್ಯಾನನ್ನು ಟಾಕೊ ಗಾಡಿ ಮಾಡಿಕೊಂಡು ಈಸ್ಟ್ ಲಾಸ್ ಏಂಜಲೀಸಿನ ಬಾರೊಂದರ ಮುಂದೆ ನಿಲ್ಲಿಸಿದರು. ಅದೇ ಮುಂದೆ ಕಿಂಗ್ ಟಾಕೊ ಸರಣಿಯಾಯಿತು. 2008ರಲ್ಲಿ ಕೌಂಟಿ ಆಡಳಿತ, ಗಾಡಿ ಒಂದೇ ಜಾಗದಲ್ಲಿ ಒಂದು ಗಂಟೆಗಿಂತ ಹೆಚ್ಚು ನಿಂತರೆ ದಂಡ, ಜೈಲು ಎಂಬ ನಿಯಮ ತಂದಿತು. ಜನ ‘ಕಾರ್ನೆ ಅಸಾಡಾ (ಬೆಂಕಿಯಲ್ಲಿ ಸುಟ್ಟ ಮಾಂಸ) ಅಪರಾಧವಲ್ಲ’ ಎಂದು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ಎದ್ದರು. ಅದೇ ವರ್ಷ ನ್ಯಾಯಾಲಯ ನಿಯಮವನ್ನು ಹೊಡೆದುಹಾಕಿತು. ಪಾದಚಾರಿ ಮಾರ್ಗದಲ್ಲಿ ತಳ್ಳುಗಾಡಿ ಇಡುವುದು ಅಪರಾಧವಲ್ಲ ಎಂದು ಕ್ಯಾಲಿಫೋರ್ನಿಯಾ ರಾಜ್ಯ ಕಾನೂನು ಮಾಡಿದ್ದು 2018ರಲ್ಲಿ. ಸ್ಯಾನ್ ಆಂಟೋನಿಯೊದ ಚೌಕದಿಂದ ಆ ಹೆಂಗಸರ ಮೇಜುಗಳು ಎದ್ದು ಎಂಬತ್ತು ವರ್ಷಗಳ ಸುಮಾರಿಗೆ.

ಏಳು ವರ್ಷ ಕಳೆದಿತ್ತಷ್ಟೆ. 2025ರ ಜೂನ್ 6ರಿಂದ ಲಾಸ್ ಏಂಜಲೀಸಿನಲ್ಲಿ ವಲಸೆ ಅಧಿಕಾರಿಗಳ ದೊಡ್ಡ ದಾಳಿಗಳು ನಡೆದವು. ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್, ಇಂಥ ಗಸ್ತುಗಳನ್ನು ತಡೆದಿದ್ದ ಕೆಳಗಿನ ನ್ಯಾಯಾಲಯದ ಆದೇಶವನ್ನು ಅಮಾನತಿನಲ್ಲಿಟ್ಟಿತು. ತಳ್ಳುಗಾಡಿಗಳು ಮೂಲೆಗಳಿಂದ ಮಾಯವಾದವು. ಕೆಲವು ಹೋಟೆಲುಗಳು ಹಗಲಲ್ಲೇ ಚಿಲಕ ಹಾಕಿ, ಬಂದವರ ಮುಖ ನೋಡಿ ಬಾಗಿಲು ತೆರೆಯತೊಡಗಿದವು. ಹೆದರಿದವರು ಕಾಗದಪತ್ರವಿಲ್ಲದವರಷ್ಟೇ ಅಲ್ಲ. ಅಮೆರಿಕದಲ್ಲೇ ಹುಟ್ಟಿದ ಮೊಮ್ಮಕ್ಕಳೂ ಅಜ್ಜಿಯನ್ನು ಹೊರಗೆ ಕರೆದೊಯ್ಯಲು ಅಂಜಿದರು. ಈ ಭಯ ಊಟ ಮಾಡುವವರಲ್ಲಿಗೇ ನಿಲ್ಲುವುದಿಲ್ಲ: ದೇಶದ ಹೋಟೆಲುಗಳ ಅಡುಗೆಯವರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಹಿಸ್ಪಾನಿಕ್ ಸಮುದಾಯದವರೇ. ಆ ಬೇಸಿಗೆಯಲ್ಲಿ ನೆರೆಹೊರೆಯವರು ಹಣ ಕೂಡಿಸಿ, ಗಾಡಿಯವರ ದಿನದ ಮಾಲನ್ನೆಲ್ಲ ಒಟ್ಟಿಗೆ ಕೊಂಡು, ಇವತ್ತು ಮನೆಯಲ್ಲೇ ಇರಿ ಎಂದು ಕಳಿಸಿದ್ದೂ ಉಂಟು.

2026ರ ಕ್ಯಾಲೆಂಡರಿನಲ್ಲಿ ಮೇ 10 ಭಾನುವಾರ. ಅದೇ ತಿಂಗಳ ಎರಡನೇ ಭಾನುವಾರವೂ ಹೌದು. ಎರಡೂ ಅಮ್ಮಂದಿರ ದಿನ ಒಂದೇ ದಿನ ಬೀಳುವ ವರ್ಷ, ಇದ್ದಬದ್ದ ಟೇಬಲುಗಳನ್ನೆಲ್ಲ ಒಂದೇ ಸಲ ಜೋಡಿಸಬೇಕಾದ ದಿನ.