ಪಾಲಿಮರ್ ಅಷ್ಟೇ ಹಾಕಿದರೂ ಜೆಲ್ ಬೇರೆ ಬೇರೆ ಯಾಕೆ?

ಪ್ರಶ್ನೆ: ಎರಡು ಸಲವೂ ಆಲ್ಜಿನೇಟ್ (ಕಡಲ ಪಾಚಿಯಿಂದ ತೆಗೆಯುವ ಪಾಲಿಮರ್) ತೂಗಿ 2% ದ್ರಾವಣವನ್ನೇ ಮಾಡಿದ್ದೆ. ಒಂದು ಜೆಲ್ ಒಂದೇ ಸಮ ಬಂತು. ಇನ್ನೊಂದು ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ಪ್ರಮಾಣ ಒಂದೇ ಇದ್ದರೆ ಜೆಲ್ ಕೂಡ ಒಂದೇ ಥರ ಇರಬೇಕಲ್ವಾ?

ಉತ್ತರ: ಇರಬೇಕಾಗಿಲ್ಲ. ಜೆಲ್ ಒಳಗೆ ಎಷ್ಟು ಪಾಲಿಮರ್ ಇದೆ ಅನ್ನುವುದು ತೂಕದಿಂದ ಗೊತ್ತಾಗುತ್ತದೆ, ನಿಜ. ಆದರೆ ಅದು ಎಲ್ಲಿ ಹೋಗಿ ಸೇರುತ್ತದೆ ಅನ್ನುವುದು ಪಾಲಿಮರ್ ಎಳೆಗಳು, ಅಂದರೆ ಅದರ ಉದ್ದನೆಯ ಅಣುಗಳು, ಒಂದಕ್ಕೊಂದು ಬೆಸೆದು ಜಾಲವಾಗುವ ವೇಗದ ಮೇಲೆ ನಿಂತಿದೆ.

ಎರಡನೇ ಸಲ ನೀವು ಬಹುಶಃ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಆಲ್ಜಿನೇಟ್ ಸುರಿದಿದ್ದೀರಿ. ಅಲ್ಲಿ ಕ್ಯಾಲ್ಸಿಯಂ ಅಯಾನುಗಳು ಮೊದಲೇ ಬಿಡಿಯಾಗಿ ಓಡಾಡುತ್ತಿರುತ್ತವೆ. ಎಳೆ ಸಿಕ್ಕಿದ್ದೇ ತಡ, ಕಟ್ಟಿಹಾಕುತ್ತವೆ. ಕ್ಷಣದಲ್ಲೇ ಹೊರಗೊಂದು ಸಿಪ್ಪೆ ಬರುತ್ತದೆ. ಒಳಗೆ ಇನ್ನೂ ಬಿಡಿಯಾಗಿರುವ ಎಳೆಗಳೂ ಆ ಅಂಚಿನ ಕಡೆಗೇ ಸರಿದು ಅಲ್ಲೇ ಸಿಕ್ಕಿಬೀಳುತ್ತವೆ. ಕೊನೆಗೆ ಅಂಚಿನಲ್ಲಿ 2%ಗಿಂತ ಜಾಸ್ತಿ, ನಡುವೆ ಕಡಿಮೆ.

ಹಾಗಂತ ಪ್ರಮಾಣವನ್ನು ಕಡೆಗಣಿಸುವ ಹಾಗಿಲ್ಲ. ದ್ರಾವಣ ತೀರಾ ತೆಳುವಾದರೆ ಎಳೆಗಳು ಒಂದಕ್ಕೊಂದು ಮುಟ್ಟುವುದೇ ಇಲ್ಲ. ಎಷ್ಟೇ ಬೆಸೆದರೂ ಎಳೆ ತನಗೆ ತಾನೇ ಗಂಟು ಹಾಕಿಕೊಳ್ಳುತ್ತದೆ, ಜೆಲ್ ಕಟ್ಟುವುದಿಲ್ಲ. ಆ ಗಡಿ ದಾಟಿದ ಮೇಲೆ ಸಾಮಾನ್ಯವಾಗಿ ಪಾಲಿಮರ್ ಹೆಚ್ಚಿದಷ್ಟೂ ಜಾಲದ ರಂಧ್ರ ಚಿಕ್ಕದು. ಡಿಎನ್‌ಎ ತುಂಡುಗಳನ್ನು ಜೆಲ್ ಮೂಲಕ ಹಾಯಿಸಿ ಗಾತ್ರದ ಪ್ರಕಾರ ಬೇರ್ಪಡಿಸುವಾಗ ದೊಡ್ಡವಕ್ಕೆ 0.8% ಅಗರೋಸ್ (ಇದೂ ಕಡಲ ಪಾಚಿಯ ಪಾಲಿಮರ್), ಸಣ್ಣವಕ್ಕೆ 2% ಬಳಸುವುದು ಇದಕ್ಕೇ.

ನನಗೆ ಮಜಾ ಅನ್ನಿಸುವುದು ಪಾಲಿಅಕ್ರಿಲಮೈಡ್, ಅಂದರೆ ಅಕ್ರಿಲಮೈಡ್‌ನಿಂದ ಮಾಡುವ ಇನ್ನೊಂದು ಜೆಲ್. ಒಟ್ಟು ಮಾನೋಮರ್ (ಸೇರಿಕೊಂಡು ಎಳೆಯಾಗುವ ಬಿಡಿ ಅಣುಗಳು) ಹಾಗೇ ಇರಲಿ, ಅದರಲ್ಲಿ ಎಳೆಗಳನ್ನು ಬೆಸೆಯುವ ಬಿಸ್‌ಅಕ್ರಿಲಮೈಡ್‌ನ ಪಾಲನ್ನು ಮಾತ್ರ ಏರಿಸುತ್ತಾ ಹೋಗಿ. ಸುಮಾರು 5%ವರೆಗೆ ರಂಧ್ರ ಚಿಕ್ಕದಾಗುತ್ತದೆ. ಅಲ್ಲಿಂದಾಚೆ ಮತ್ತೆ ದೊಡ್ಡದಾಗುತ್ತದೆ! ಬೆಸುಗೆ ಅತಿಯಾದಾಗ ಎಳೆಗಳು ಒತ್ತೊತ್ತಾಗಿ ದಪ್ಪ ಕಟ್ಟುಗಳಾಗುತ್ತವೆ, ಕಟ್ಟುಗಳ ನಡುವೆ ಜಾಗ ಖಾಲಿ ಬೀಳುತ್ತದೆ. ಬೆಳಕು ಆ ಕಟ್ಟುಗಳಿಗೆ ತಾಗಿ ಚದುರುವುದರಿಂದ ತಿಳಿಯಾಗಿದ್ದ ಜೆಲ್ ಬೆಳ್ಳಗಾಗುತ್ತದೆ. ಬಾಗಿಸಿದರೆ ಮುರಿಯುತ್ತದೆ. ಕೈಗೆ ಗ್ಲೌಸ್ ಇರಲಿ, ಎಳೆಯಾಗದೆ ಉಳಿದ ಅಕ್ರಿಲಮೈಡ್ ನರಗಳಿಗೆ ವಿಷ.

ಆಲ್ಜಿನೇಟ್ ಒಂದೇ ಸಮ ಬರಬೇಕಿದ್ದರೆ ಕ್ಯಾಲ್ಸಿಯಂ ನಿಧಾನವಾಗಿ ಬಿಡುಗಡೆಯಾಗಬೇಕು. ಅದಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟಿನ ನುಣ್ಣನೆ ಪುಡಿಯನ್ನು ಆಲ್ಜಿನೇಟ್ ದ್ರಾವಣದಲ್ಲಿ ಚೆನ್ನಾಗಿ ಕದಡಿ, ಆಮೇಲೆ ಗ್ಲುಕೋನೋ ಡೆಲ್ಟಾ ಲ್ಯಾಕ್ಟೋನ್ ಸೇರಿಸಿ. ಅದು ನೀರಿನಲ್ಲಿ ಮೆಲ್ಲಗೆ ಆಮ್ಲವಾಗಿ ಕಾರ್ಬೊನೇಟನ್ನು ಕರಗಿಸುತ್ತದೆ. ಕ್ಯಾಲ್ಸಿಯಂ ಎಲ್ಲ ಕಡೆಯೂ ಒಟ್ಟಿಗೇ ಹೊರಬರುತ್ತದೆ. ಒಂದು ಮೋಲ್ ಕಾರ್ಬೊನೇಟ್‌ಗೆ ಎರಡು ಮೋಲ್ ಲ್ಯಾಕ್ಟೋನ್ ಲೆಕ್ಕ ಹಿಡಿಯಿರಿ, ಪಿಎಚ್ ತಟಸ್ಥದ ಹತ್ತಿರವೇ ನಿಲ್ಲುತ್ತದೆ. ಲ್ಯಾಕ್ಟೋನ್ ಬಿದ್ದ ಕೂಡಲೇ ಅಚ್ಚಿಗೆ ಸುರಿದುಬಿಡಿ. ಅರ್ಧ ಕಟ್ಟಿದ ಮೇಲೆ ಕಲಕಿದರೆ ಜಾಲ ಹರಿದು ಗಂಟುಗಂಟಾಗುತ್ತದೆ.