ಯಂತ್ರ ನಿಂತ ಜಾಗದಲ್ಲಿ ಊಟದ ಮೇಜು

ಹಳೆ ಕಾರ್ಖಾನೆಯೊಳಗಿನ ರೆಸ್ಟೋರೆಂಟಿಗೆ ಹೋದರೆ, ಊಟ ಬರುವ ಮುಂಚೆ ಒಮ್ಮೆ ತಲೆ ಎತ್ತಿ ನೋಡಿ. ಎಷ್ಟೋ ಕಡೆ ಸೂರು ಗರಗಸದ ಹಲ್ಲಿನ ಹಾಗೆ ಏರಿಳಿದಿರುತ್ತದೆ. ಒಂದೊಂದು ಹಲ್ಲಿನ ಕಡಿದಾದ ಬದಿಗೂ ಗಾಜು. ಯುರೋಪಿನ ಗಿರಣಿಗಳಲ್ಲಿ ಈ ಗಾಜನ್ನು ಸಾಮಾನ್ಯವಾಗಿ ಉತ್ತರಕ್ಕೆ ಮುಖ ಮಾಡಿ ಕೂರಿಸುತ್ತಿದ್ದರು. ಆ ಕಡೆಯಿಂದ ಬಿಸಿಲು ನೇರವಾಗಿ ಬೀಳುವುದಿಲ್ಲ, ಒಂದೇ ಸಮನೆ ತಂಪು ಬೆಳಕು ಬರುತ್ತದೆ. ನೂಲಿನ ಎಳೆ, ಬಣ್ಣ ನೇಯುವವರ ಕಣ್ಣಿಗೆ ಸರಿಯಾಗಿ ಕಾಣಬೇಕಿತ್ತು. ಚಿತ್ರ ಬರೆಯುವವರಿಗೂ ಬೇಕಾದದ್ದು ಅಂಥದ್ದೇ ಬೆಳಕು ಅಲ್ವಾ? ಕಲೆ ಇಂಥ ಕಟ್ಟಡಗಳಿಗೆ ಬಂದದ್ದು ಬೆಳಕು, ಜಾಗ ಹುಡುಕಿಕೊಂಡು. ಊಟ ಬಂದದ್ದು ಅದರ ಬೆನ್ನಿಗೆ.

ನ್ಯೂಯಾರ್ಕಿನ ಸೋಹೋವನ್ನೇ ನೋಡಿ. ಎರಡನೇ ಮಹಾಯುದ್ಧದ ನಂತರ ಅಲ್ಲಿಂದ ಸಣ್ಣ ಕೈಗಾರಿಕೆಗಳು ಒಂದೊಂದಾಗಿ ಕಾಲು ಕಿತ್ತವು. ವಿಶಾಲವಾದ ಮಹಡಿಗಳು ಖಾಲಿ ಬಿದ್ದವು, ಬಾಡಿಗೆಯೂ ಕಮ್ಮಿ. ದೊಡ್ಡ ಕ್ಯಾನ್ವಾಸ್ ಹಿಡಿಸುವ ಜಾಗಕ್ಕಾಗಿ ಕಲಾವಿದರು ಬಂದು ಸೇರಿಕೊಂಡರು. ಕಾನೂನಿನ ಪ್ರಕಾರ ಅಲ್ಲಿ ಮನೆ ಮಾಡುವಂತಿರಲಿಲ್ಲ, ಕದ್ದುಮುಚ್ಚಿ ಇದ್ದರು. 1971ರಲ್ಲಿ ನಗರಾಡಳಿತ ಕಲಾವಿದರಿಗೆ ಅನುಮತಿ ಕೊಟ್ಟಿತು. ಅದೇ ವರ್ಷ ಗಾರ್ಡನ್ ಮಾಟಾ-ಕ್ಲಾರ್ಕ್, ಕ್ಯಾರಲ್ ಗುಡನ್ ಮತ್ತು ಗೆಳೆಯರು ಆ ಬೀದಿಗಳಲ್ಲೇ ಒಂದು ರೆಸ್ಟೋರೆಂಟ್ ತೆರೆದರು. ಹೆಸರು ಸುಮ್ನೆ 'ಫುಡ್'. ಅಡುಗೆಗೆ ನಿಂತವರೂ ಕಲಾವಿದರೇ. ಒಂದು ರಾತ್ರಿ ಮೂಳೆಯ ಅಡುಗೆಗಳದ್ದೇ ಊಟ. ತಿಂದು ಉಳಿದ ಮೂಳೆಗಳನ್ನು ಉಜ್ಜಿ ತೊಳೆದು, ಸರ ಪೋಣಿಸಿ, ಉಂಡವರ ಕೊರಳಿಗೇ ಹಾಕಿ ಕಳಿಸಿದರು. ನನಗೆ ಈ ಕಥೆ ತುಂಬಾ ಇಷ್ಟ. ಊಟ ಎಲ್ಲಿ ಮುಗಿದು ಕಲೆ ಎಲ್ಲಿ ಶುರುವಾಯಿತು ಅಂತ ಯಾರು ಹೇಳುತ್ತಾರೆ?

ಆಮೇಲೆ ದುಡ್ಡು ಬಂತು. ಬಾಡಿಗೆ ಏರಿತು. ಆ ಜಾಗಕ್ಕೆ ಜೀವ ತುಂಬಿದವರಲ್ಲಿ ಎಷ್ಟೋ ಜನ ಗಂಟುಮೂಟೆ ಕಟ್ಟಿದರು.

ಮಾರ್ಕ್ ರಾಥ್ಕೋ ಅವರ ಚಿತ್ರಗಳದ್ದು ಇನ್ನೊಂದು ಬಗೆಯ ಪಯಣ. 1958ರಲ್ಲಿ ಅವರು ನ್ಯೂಯಾರ್ಕಿನ ಫೋರ್ ಸೀಸನ್ಸ್ ರೆಸ್ಟೋರೆಂಟಿಗೆ ಚಿತ್ರ ಬರೆದುಕೊಡಲು ಒಪ್ಪಿದ್ದರು. ಅಲ್ಲಿ ಒಂದು ಹೊತ್ತು ಊಟ ಮಾಡಿ ಬಂದ ಮೇಲೆ ಮನಸ್ಸು ಮುರಿಯಿತು, ಹಣ ವಾಪಸ್ ಮಾಡಿದರು. ಆ ಸರಣಿಯ ಒಂಬತ್ತು ಚಿತ್ರಗಳನ್ನು ಲಂಡನ್ನಿನ ಕಲಾ ಸಂಗ್ರಹಾಲಯ ಟೇಟ್‌ಗೆ ಕೊಟ್ಟರು. ಮುಂದೆ ಅವು ಗೋಡೆ ಏರಿದ್ದು ಟೇಟ್ ಮಾಡರ್ನ್‌ನಲ್ಲಿ, ಅಂದರೆ 1981ರಲ್ಲಿ ನಿಂತುಹೋಗಿದ್ದ ವಿದ್ಯುತ್ ಸ್ಥಾವರದೊಳಗೆ.

ಈಗೀಗ ಹೊಸ ಕಟ್ಟಡದ ಗೋಡೆಗೂ ಹಲ್ಲುಚಕ್ರ ನೇತುಹಾಕಿ ಕಾರ್ಖಾನೆಯ ಕಳೆ ತರುವವರಿದ್ದಾರೆ. ಅದು ಯಾವ ಯಂತ್ರದ್ದು, ಯಾರು ತಿರುಗಿಸುತ್ತಿದ್ದರು ಅಂತ ಕೇಳಿದರೆ ಉತ್ತರವಿಲ್ಲ. ನನಗದು ಬೇಸರ. ಇಂಗ್ಲೆಂಡಿನ ಸಾಲ್ಟೇರ್‌ನಲ್ಲಿ ಹಾಗಾಗಲಿಲ್ಲ. 1986ರಲ್ಲಿ ಅಲ್ಲಿನ ಸಾಲ್ಟ್ಸ್ ಬಟ್ಟೆ ಗಿರಣಿ ನಿಂತಿತು. ಮರುವರ್ಷ ಜೊನಾಥನ್ ಸಿಲ್ವರ್ ಅದನ್ನು ಕೊಂಡು, ಪಕ್ಕದ ಬ್ರಾಡ್‌ಫರ್ಡ್‌ನಲ್ಲೇ ಹುಟ್ಟಿದ ಡೇವಿಡ್ ಹಾಕ್ನಿ ಅವರ ಚಿತ್ರಗಳನ್ನು ತೂಗುಹಾಕಿದರು. ಅದೇ ಸೂರಿನಡಿ ಊಟವೂ ಉಂಟು. ಆ ಚಿತ್ರಶಾಲೆಗೆ ಇಟ್ಟ ಹೆಸರು '1853 ಗ್ಯಾಲರಿ', ಗಿರಣಿ ಮೊದಲು ಬಾಗಿಲು ತೆರೆದ ವರ್ಷ.